ಅಂಗಾಂಗ ಕಸಿ ಪಡೆದವರಲ್ಲಿ ಚರ್ಮದ ಕ್ಯಾನ್ಸರ್

ಮೂತ್ರಪಿಂಡ, ಯಕೃತ್ತು, ಹೃದಯ, ಶ್ವಾಸಕೋಶ ಮೊದಲಾದ ಅಂಗಗಳನ್ನು ಕಸಿ ಮಾಡಿಸಿಕೊಂಡವರಲ್ಲಿ, ಕಸಿಯ ನಂತರದ ವರ್ಷಗಳಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಾಧ್ಯತೆ ಇತರರಿಗಿಂತ ಬಹಳ ಹೆಚ್ಚು. ಕಸಿಯಾದ ಅಂಗವನ್ನು ದೇಹವು ತಿರಸ್ಕರಿಸದಂತೆ ನೋಡಿಕೊಳ್ಳಲು ಈ ರೋಗಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಸಾಮಾನ್ಯವಾಗಿ ಜೀವನಪೂರ್ತಿ ಸೇವಿಸಬೇಕಾಗುತ್ತದೆ. ಅಂಗವನ್ನು ಕಾಪಾಡುವ ಈ ಔಷಧಗಳೇ ಚರ್ಮದಲ್ಲಿ ಹುಟ್ಟುವ ಕೆಟ್ಟ ಕೋಶಗಳನ್ನು ಅಳಿಸಿಹಾಕುವ ದೇಹದ ಸಾಮರ್ಥ್ಯವನ್ನು ಕುಗ್ಗಿಸುತ್ತವೆ. ಬಿಳಿಯ ಚರ್ಮದ ಜನರಿರುವ ದೇಶಗಳಲ್ಲಿ ಕಸಿ ಪಡೆದವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಚರ್ಮದ ಕ್ಯಾನ್ಸರೇ ಅತ್ಯಂತ ಸಾಮಾನ್ಯವಾದುದು. ಕಂದು ಮತ್ತು ಕಪ್ಪು ಚರ್ಮದವರಲ್ಲಿ ಇದು ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮೊದಲ ಹಂತದಲ್ಲಿಯೇ ಗುರುತಿಸಿದರೆ ಇವುಗಳಲ್ಲಿ ಬಹುಪಾಲು ಸಣ್ಣ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತವೆ. ಉಪೇಕ್ಷಿಸಿದರೆ ಇವು ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ ಹೆಚ್ಚು ಬೇಗ ಬೆಳೆದು, ಹರಡಿ, ಪ್ರಾಣಾಪಾಯವನ್ನು ತಂದೊಡ್ಡಬಲ್ಲವು.

ಹಿನ್ನೆಲೆ

‘ಕಸಿ’ ಎಂಬುದು ಕನ್ನಡದಲ್ಲಿ ಮೂಲತಃ ತೋಟಗಾರಿಕೆಯ ಮಾತು. ಮಾವಿನ ಒಂದು ತಳಿಯ ಕುಡಿಯನ್ನು ಮತ್ತೊಂದು ಮಾವಿನ ಸಸಿಗೆ ಕಟ್ಟಿದರೆ ಎರಡೂ ಬೆಸೆದುಕೊಂಡು ಬೆಳೆಯುತ್ತವೆ. ಮನುಷ್ಯನ ದೇಹ ಇಷ್ಟು ಸುಲಭವಾಗಿ ಪರಕೀಯವಾದುದನ್ನು ಒಪ್ಪಿಕೊಳ್ಳುವುದಿಲ್ಲ. ರಕ್ತದಲ್ಲಿರುವ ಬಿಳಿ ಕಣಗಳು, ಮುಖ್ಯವಾಗಿ ಟಿ-ಕೋಶಗಳು, ಹೊರಗಿನಿಂದ ಬಂದ ಅಂಗವನ್ನು ಗುರುತಿಸಿ ಅದರ ಮೇಲೆ ದಾಳಿ ಮಾಡುತ್ತವೆ. ಇದನ್ನು ಅಂಗದ ತಿರಸ್ಕಾರ ಎನ್ನುತ್ತಾರೆ.

ಮೊದಲ ಯಶಸ್ವೀ ಮೂತ್ರಪಿಂಡ ಕಸಿಯನ್ನು 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರಿ ಮತ್ತು ಅವರ ಸಹೋದ್ಯೋಗಿಗಳು ನೆರವೇರಿಸಿದರು. ದಾನಿ ಮತ್ತು ರೋಗಿ ಇಬ್ಬರೂ ತದ್ರೂಪಿ ಅವಳಿ ಸಹೋದರರಾಗಿದ್ದುದರಿಂದ ತಿರಸ್ಕಾರದ ಸಮಸ್ಯೆ ಉದ್ಭವಿಸಲಿಲ್ಲ. ಬೇರೆಯವರ ಅಂಗವನ್ನು ದೀರ್ಘಕಾಲ ಉಳಿಸಿಕೊಳ್ಳಲು ಔಷಧಗಳ ಆವಿಷ್ಕಾರವಾಗಬೇಕಾಯಿತು. 1960ರ ದಶಕದ ಆರಂಭದಲ್ಲಿ ಅಜಥಯೊಪ್ರಿನ್ ಮತ್ತು ಸ್ಟೀರಾಯ್ಡ್‌ಗಳ ಬಳಕೆ ಶುರುವಾಯಿತು. ನಾರ್ವೆಯ ಮಣ್ಣಿನಲ್ಲಿ ದೊರೆತ ಶಿಲೀಂಧ್ರದಿಂದ ಪಡೆದ ಸೈಕ್ಲೋಸ್ಪೋರಿನ್ 1980ರ ದಶಕದಲ್ಲಿ ಬಳಕೆಗೆ ಬಂದು ಕಸಿ ಚಿಕಿತ್ಸೆಯ ಸ್ವರೂಪವನ್ನೇ ಬದಲಿಸಿತು. ಆ ಬಳಿಕ ಜಪಾನಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಟ್ಯಾಕ್ರೋಲಿಮಸ್, ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಸಿರೋಲಿಮಸ್ ದೊರೆತವು. ಇವುಗಳ ಜೊತೆಗೆ ಮೈಕೋಫೆನೋಲೇಟ್ ಎಂಬ ಔಷಧವೂ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ.

ಭಾರತದಲ್ಲಿ ಯಶಸ್ವೀ ಮೂತ್ರಪಿಂಡ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆಯಿತು. ಮೊದಲ ಯಶಸ್ವೀ ಹೃದಯ ಕಸಿಯನ್ನು 1994ರ ಆಗಸ್ಟ್‌ನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ನೇತೃತ್ವದ ತಂಡ ನಡೆಸಿತು. ಅದೇ ವರ್ಷ ಸಂಸತ್ತು ಮಾನವ ಅಂಗಗಳ ಕಸಿ ಕಾಯಿದೆಯನ್ನು ಅಂಗೀಕರಿಸಿತು. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಎಂಬ ಸಂಸ್ಥೆ ಸಂಯೋಜಿಸುತ್ತದೆ. ಕಸಿಯ ನಂತರ ಹತ್ತು, ಇಪ್ಪತ್ತು ವರ್ಷ ಬದುಕುವವರ ಸಂಖ್ಯೆ ಹೆಚ್ಚಿದಂತೆಲ್ಲ ಔಷಧಗಳ ದೀರ್ಘಕಾಲೀನ ಪರಿಣಾಮಗಳ ಅರಿವೂ ಅಗತ್ಯವಾಗಿದೆ.

ಸಂಬಂಧದ ಅರಿವು

ಕಸಿ ಪಡೆದವರಲ್ಲಿ ಕ್ಯಾನ್ಸರ್ ಹೆಚ್ಚು ಎಂಬುದು 1960ರ ದಶಕದ ಕೊನೆಯಲ್ಲಿ ವೈದ್ಯರ ಗಮನಕ್ಕೆ ಬಂತು. ಅಮೆರಿಕದ ಡಾ. ಇಸ್ರೇಲ್ ಪೆನ್ ಇಂತಹ ಪ್ರಕರಣಗಳನ್ನು ಒಂದೆಡೆ ದಾಖಲಿಸತೊಡಗಿದರು. 1971ರಲ್ಲಿ ಆಸ್ಟ್ರೇಲಿಯದ ವೈದ್ಯರು ಮೂತ್ರಪಿಂಡ ಕಸಿ ಪಡೆದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಮುಂದಿನ ಎರಡು ಅಧ್ಯಯನಗಳನ್ನು ಜೊತೆಯಾಗಿಟ್ಟು ನೋಡಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಮೂತ್ರಪಿಂಡ ಕಸಿ ಪಡೆದವರ ಕುರಿತು 1990ರಲ್ಲಿ ಪ್ರಕಟವಾದ ಅಧ್ಯಯನದಂತೆ, ಕಸಿಯಾಗಿ 10 ವರ್ಷ ಕಳೆದಾಗ ಸುಮಾರು 10%, 20 ವರ್ಷ ಕಳೆದಾಗ ಸುಮಾರು 40% ಮಂದಿಗೆ ಚರ್ಮದ ಕ್ಯಾನ್ಸರ್ ಬಂದಿತ್ತು. ಬಿಸಿಲು ಪ್ರಖರವಾಗಿರುವ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪ್ರಮಾಣ 11 ವರ್ಷಕ್ಕೆ 45%, 20 ವರ್ಷಕ್ಕೆ 70% ಆಗಿತ್ತು. ಎರಡೂ ಕಡೆ ರೋಗಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನೇ ಸೇವಿಸುತ್ತಿದ್ದರು. ಎದ್ದುಕಾಣುವ ವ್ಯತ್ಯಾಸವೆಂದರೆ ಬಿಸಿಲಿನದು. ಔಷಧವನ್ನು ನಿಲ್ಲಿಸಲಾಗದು, ಆದರೆ ಬಿಸಿಲಿನಿಂದ ರಕ್ಷಣೆ ಪಡೆಯಬಹುದು. ಈ ರೋಗವನ್ನು ತಡೆಗಟ್ಟುವ ಪ್ರಯತ್ನಗಳಿಗೆಲ್ಲ ಇದೇ ತಳಹದಿ.

ಕಾರಣಗಳು

ನೇರಳಾತೀತ ಕಿರಣಗಳು: ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದ ಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತವೆ. ಬಾಲ್ಯದಿಂದ ಆದ ಹಾನಿ ಚರ್ಮದಲ್ಲಿ ಸಂಗ್ರಹವಾಗುತ್ತಾ ಹೋಗುತ್ತದೆ. ಆರೋಗ್ಯವಂತರಲ್ಲಿ ಹಾನಿಗೊಂಡ ಕೋಶಗಳಲ್ಲಿ ಹೆಚ್ಚಿನವು ದುರಸ್ತಿಯಾಗುತ್ತವೆ, ಇಲ್ಲವೇ ನಾಶವಾಗುತ್ತವೆ.

ಕಾವಲು ಸಡಿಲವಾಗುವುದು: ರೋಗನಿರೋಧಕ ವ್ಯವಸ್ಥೆಯು ಸೋಂಕುಗಳನ್ನು ತಡೆಯುವುದರ ಜೊತೆಗೆ ಕ್ಯಾನ್ಸರ್‌ನತ್ತ ವಾಲುತ್ತಿರುವ ಕೋಶಗಳನ್ನೂ ಪತ್ತೆಹಚ್ಚಿ ಕೊಲ್ಲುತ್ತದೆ. ಕಸಿಯಾದ ಅಂಗವನ್ನು ಉಳಿಸಲು ಈ ಕಾವಲನ್ನು ಸಡಿಲಿಸಿದಾಗ ಅಂತಹ ಕೋಶಗಳೂ ತಪ್ಪಿಸಿಕೊಳ್ಳುತ್ತವೆ. ಔಷಧದ ಪ್ರಮಾಣ ಮತ್ತು ಸೇವಿಸಿದ ವರ್ಷಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಔಷಧಗಳ ನೇರ ಪರಿಣಾಮ: ಕೆಲವು ಔಷಧಗಳು ಕಾವಲನ್ನು ಸಡಿಲಿಸುವುದಲ್ಲದೆ ತಾವೇ ಚರ್ಮದ ಮೇಲೆ ಪರಿಣಾಮ ಬೀರುತ್ತವೆ. ಅಜಥಯೊಪ್ರಿನ್‌ನಿಂದ ಉಂಟಾಗುವ ಒಂದು ರಾಸಾಯನಿಕ ಡಿಎನ್‌ಎಯೊಳಗೆ ಸೇರಿಕೊಂಡು, ನೇರಳಾತೀತ-ಎ ಕಿರಣಗಳಿಗೆ ಚರ್ಮವನ್ನು ಹೆಚ್ಚು ಸೂಕ್ಷ್ಮವಾಗಿಸುತ್ತದೆ. ಸೈಕ್ಲೋಸ್ಪೋರಿನ್ ಡಿಎನ್‌ಎಯ ದುರಸ್ತಿಗೆ ಅಡ್ಡಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಎರಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಶಿಲೀಂಧ್ರ ಸೋಂಕಿಗೆ ಕೊಡುವ ವೊರಿಕೊನಜೋಲ್ ಎಂಬ ಔಷಧವನ್ನು ತಿಂಗಳುಗಟ್ಟಲೆ ಸೇವಿಸಿದವರಲ್ಲಿ, ಅದರಲ್ಲೂ ಶ್ವಾಸಕೋಶ ಕಸಿ ಪಡೆದವರಲ್ಲಿ, ಅಪಾಯ ಇನ್ನಷ್ಟು ಏರುತ್ತದೆ.

ವೈರಾಣುಗಳು: ನರುಲಿಗಳಿಗೆ ಕಾರಣವಾಗುವ ಹ್ಯೂಮನ್ ಪ್ಯಾಪಿಲೋಮ ವೈರಾಣುಗಳ ಕೆಲವು ಬಗೆಗಳು ಜನನಾಂಗ ಮತ್ತು ಗುದದ್ವಾರದ ಸುತ್ತಲಿನ ಚರ್ಮದ ಕ್ಯಾನ್ಸರ್‌ಗೆ ದಾರಿಯಾಗುತ್ತವೆ. ಹ್ಯೂಮನ್ ಹರ್ಪಿಸ್ ವೈರಾಣು-8 ಕಪೋಸಿ ಸಾರ್ಕೋಮಕ್ಕೆ ಕಾರಣ. 2008ರಲ್ಲಿ ಪತ್ತೆಯಾದ ಮರ್ಕೆಲ್ ಸೆಲ್ ಪಾಲಿಯೋಮ ವೈರಾಣು ಮರ್ಕೆಲ್ ಸೆಲ್ ಕಾರ್ಸಿನೋಮದೊಂದಿಗೆ ಸಂಬಂಧ ಹೊಂದಿದೆ.

ಮುಖ್ಯ ಬಗೆಗಳು

ಸ್ಕ್ವಾಮಸ್ ಸೆಲ್ ಕಾರ್ಸಿನೋಮ: ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಕಸಿ ಪಡೆದವರಲ್ಲಿ ಇದೇ ಪ್ರಧಾನವಾದುದು. ಯುರೋಪಿನ ಅಧ್ಯಯನಗಳಲ್ಲಿ ಇದರ ಅಪಾಯ ಸಾಮಾನ್ಯ ಜನರಿಗಿಂತ 65 ಪಟ್ಟು ಅಥವಾ ಅದಕ್ಕೂ ಹೆಚ್ಚು ಎಂದು ಕಂಡುಬಂದಿದೆ. ಒರಟಾದ, ಹೊಪ್ಪಳೆಗಟ್ಟುವ ಗಂಟಾಗಿ ಅಥವಾ ಮಾಯದ ಹುಣ್ಣಾಗಿ ಇದು ಕಾಣಿಸುತ್ತದೆ. ಕಿವಿ ಮತ್ತು ತುಟಿಯ ಮೇಲಿನವು ದುಗ್ಧಗ್ರಂಥಿಗಳಿಗೆ ಹರಡುವ ಸಾಧ್ಯತೆ ಹೆಚ್ಚು. ಒಮ್ಮೆ ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಕೆಲವೇ ವರ್ಷಗಳಲ್ಲಿ ಮತ್ತೊಂದು ಬರುತ್ತದೆ.

ಬೇಸಲ್ ಸೆಲ್ ಕಾರ್ಸಿನೋಮ: ಮೇಲ್ಪದರದ ತಳದ ಕೋಶಗಳಲ್ಲಿ ಹುಟ್ಟುತ್ತದೆ. ನಿಧಾನವಾಗಿ ಬೆಳೆಯುತ್ತದೆ; ದೂರಕ್ಕೆ ಹರಡುವುದು ತೀರ ಅಪರೂಪ. ಬಿಳಿಯ ಚರ್ಮದ ಸಾಮಾನ್ಯ ಜನರಲ್ಲಿ ಇದು ಸ್ಕ್ವಾಮಸ್ ಬಗೆಗಿಂತ ಹೆಚ್ಚು. ಕಸಿ ಪಡೆದವರಲ್ಲಿ ಈ ಅನುಪಾತ ತಿರುಗುಮುರುಗಾಗುತ್ತದೆ. ಅಪಾಯದ ಏರಿಕೆ ಸುಮಾರು 10 ಪಟ್ಟು.

ಮೆಲನೋಮ: ಚರ್ಮಕ್ಕೆ ಬಣ್ಣ ನೀಡುವ ಕೋಶಗಳ ಕ್ಯಾನ್ಸರ್. ಕಸಿಯ ನಂತರ ಇದರ ಅಪಾಯ 2ರಿಂದ 4 ಪಟ್ಟು ಹೆಚ್ಚುತ್ತದೆ. ಸಂಖ್ಯೆಯಲ್ಲಿ ಕಡಿಮೆಯಾದರೂ ಹರಡುವ ಸ್ವಭಾವದಿಂದಾಗಿ ಇದು ಹೆಚ್ಚು ಅಪಾಯಕಾರಿ.

ಕಪೋಸಿ ಸಾರ್ಕೋಮ: ಕಾಲುಗಳ ಮೇಲೆ ನೇರಳೆ ಅಥವಾ ಕಂದು ಬಣ್ಣದ ಮಚ್ಚೆ, ಗಂಟುಗಳಾಗಿ ಹೆಚ್ಚಾಗಿ ತೋರುತ್ತದೆ. ಬಾಯಿ ಮತ್ತು ಒಳಾಂಗಗಳಲ್ಲೂ ಬರಬಹುದು. ಮೆಡಿಟರೇನಿಯನ್ ಪ್ರದೇಶ ಮತ್ತು ಪಶ್ಚಿಮ ಏಷ್ಯದ ಮೂಲದವರಲ್ಲಿ ಇದು ಹೆಚ್ಚು. ಇತರ ಬಗೆಗಳು ಹಲವು ವರ್ಷಗಳ ನಂತರ ಬಂದರೆ ಇದು ಸಾಮಾನ್ಯವಾಗಿ ಕಸಿಯಾದ ಮೊದಲ ಕೆಲವು ವರ್ಷಗಳಲ್ಲಿಯೇ ಬರುತ್ತದೆ.

ಮರ್ಕೆಲ್ ಸೆಲ್ ಕಾರ್ಸಿನೋಮ: ಬಹಳ ಅಪರೂಪ, ಆದರೆ ಅತಿವೇಗವಾಗಿ ಬೆಳೆಯುವಂಥದು. ನೋವಿಲ್ಲದ, ಕೆಂಪು ಅಥವಾ ನೇರಳೆ ಬಣ್ಣದ ಗಟ್ಟಿ ಗಂಟಿನ ರೂಪದಲ್ಲಿರುತ್ತದೆ.

ಅಪಾಯ ಹೆಚ್ಚಿರುವವರು

ಕೆಳಗಿನ ಅಂಶಗಳು ಅಪಾಯವನ್ನು ಹೆಚ್ಚಿಸುತ್ತವೆ:

* ಬಿಳಿಯ ಚರ್ಮ, ಬಿಸಿಲಿಗೆ ಸುಲಭವಾಗಿ ಸುಡುವ ಮೈ
* ಕಸಿಯ ಹೊತ್ತಿಗೆ 50 ವರ್ಷ ದಾಟಿರುವುದು
* ಪುರುಷರಾಗಿರುವುದು
* ಹಿಂದೆ ಚರ್ಮದ ಕ್ಯಾನ್ಸರ್ ಬಂದಿದ್ದುದು
* ಹೃದಯ ಅಥವಾ ಶ್ವಾಸಕೋಶದ ಕಸಿ
* ಹೊಲ, ಕಟ್ಟಡ, ರಸ್ತೆ, ಮೀನುಗಾರಿಕೆ ಮೊದಲಾದ ಬಿಸಿಲಿನ ದುಡಿಮೆ
* ಮೈಮೇಲೆ ಅನೇಕ ನರುಲಿಗಳಿರುವುದು

ಹೃದಯ ಮತ್ತು ಶ್ವಾಸಕೋಶವನ್ನು ಉಳಿಸಿಕೊಳ್ಳಲು ಔಷಧದ ಪ್ರಮಾಣ ಹೆಚ್ಚಾಗಿ ಬೇಕಾಗುವುದರಿಂದ ಅವುಗಳ ಕಸಿ ಪಡೆದವರಿಗೆ ಅಪಾಯ ಹೆಚ್ಚು. ಮೂತ್ರಪಿಂಡದ ಕಸಿಯಲ್ಲಿ ಅದಕ್ಕಿಂತ ಕಡಿಮೆ, ಯಕೃತ್ತಿನ ಕಸಿಯಲ್ಲಿ ಮತ್ತಷ್ಟು ಕಡಿಮೆ. ಹಿರಿಯ ವಯಸ್ಸಿನಲ್ಲಿ ಕಸಿ ಪಡೆದವರಲ್ಲಿ ಮೊದಲ ಗೆಡ್ಡೆ ಕೆಲವೇ ವರ್ಷಗಳಲ್ಲಿ ಕಾಣಿಸಬಹುದು. ಕಿರಿಯರಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ.

ಕಂದು ಚರ್ಮದವರಲ್ಲಿ

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ನೇರಳಾತೀತ ಕಿರಣಗಳನ್ನು ಹೀರಿಕೊಂಡು ಕೋಶಗಳಿಗೆ ರಕ್ಷಣೆ ಒದಗಿಸುತ್ತದೆ. ಹೀಗಾಗಿ ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಒಟ್ಟಾರೆ ಕಡಿಮೆ. ಕಸಿ ಪಡೆದ ಭಾರತೀಯರಲ್ಲಿ ಹೆಚ್ಚಾಗಿ ಕಾಣುವ ಚರ್ಮದ ತೊಂದರೆಗಳೆಂದರೆ ಶಿಲೀಂಧ್ರ ಸೋಂಕು, ನರುಲಿ, ಸರ್ಪಸುತ್ತು ಮತ್ತು ಸ್ಟೀರಾಯ್ಡ್‌ನಿಂದಾಗುವ ಮೊಡವೆ.

ಆದರೆ ಇದೇ ಸಂಗತಿ ಎರಡು ರೀತಿಯಲ್ಲಿ ಮೋಸಗೊಳಿಸುತ್ತದೆ. ಮೊದಲನೆಯದಾಗಿ, ‘ನಮ್ಮಂಥವರಿಗೆ ಅದು ಬರುವುದಿಲ್ಲ’ ಎಂಬ ನಂಬಿಕೆಯಿಂದ ರೋಗಿಯೂ ಕೆಲವೊಮ್ಮೆ ವೈದ್ಯರೂ ಚರ್ಮವನ್ನು ಪರೀಕ್ಷಿಸುವುದಿಲ್ಲ. ರೋಗ ತಡವಾಗಿ ಪತ್ತೆಯಾಗುತ್ತದೆ. ಎರಡನೆಯದಾಗಿ, ಕಪ್ಪು ಮತ್ತು ಕಂದು ಚರ್ಮದವರಲ್ಲಿ ಈ ಕ್ಯಾನ್ಸರ್‌ಗಳು ಬಿಸಿಲು ತಾಗದ ಜಾಗಗಳಲ್ಲಿಯೂ ಹುಟ್ಟುತ್ತವೆ. ಅಮೆರಿಕದಲ್ಲಿ ಕಸಿ ಪಡೆದ ಕಪ್ಪು ಜನರನ್ನು ಪರೀಕ್ಷಿಸಿದಾಗ, ಅವರಲ್ಲಿ ಸ್ಕ್ವಾಮಸ್ ಬಗೆಯ ಗೆಡ್ಡೆಗಳು ಹೆಚ್ಚಾಗಿ ಬಿಸಿಲು ತಾಗದ ಭಾಗಗಳಲ್ಲಿದ್ದುದು ಕಂಡುಬಂದಿತು. ಜನನಾಂಗದ ಭಾಗದಲ್ಲಿದ್ದವುಗಳಿಗೆ ಪ್ಯಾಪಿಲೋಮ ವೈರಾಣುವಿನ ನಂಟೂ ಇತ್ತು. ಕಂದು ಚರ್ಮದವರಲ್ಲಿ ಮೆಲನೋಮ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಬರುವುದು ಹೆಚ್ಚು. ಹಳೆಯ ಸುಟ್ಟಗಾಯದ ಕಲೆ ಮತ್ತು ವರ್ಷಗಟ್ಟಲೆ ಮಾಯದ ಹುಣ್ಣುಗಳಲ್ಲಿಯೂ ಸ್ಕ್ವಾಮಸ್ ಕ್ಯಾನ್ಸರ್ ಹುಟ್ಟಬಹುದು. ಆದ್ದರಿಂದ ಮುಖ, ಕೈಗಳನ್ನಷ್ಟೇ ನೋಡಿ ‘ಏನೂ ಇಲ್ಲ’ ಎನ್ನುವುದು ಸಾಲದು.

ಎಚ್ಚರಿಕೆಯ ಲಕ್ಷಣಗಳು

ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡುಬಂದರೂ ವೈದ್ಯರಿಗೆ ತೋರಿಸಬೇಕು:

* ನಾಲ್ಕು ವಾರ ಕಳೆದರೂ ಮಾಯದ ಹುಣ್ಣು ಅಥವಾ ಗಾಯ
* ಪದೇ ಪದೇ ಹೊಪ್ಪಳೆ ಕಟ್ಟಿ ಉದುರಿ ರಕ್ತ ಒಸರುವ ಜಾಗ
* ಹೊಸದಾಗಿ ಹುಟ್ಟಿ ಬೆಳೆಯುತ್ತಿರುವ ಗಂಟು, ಅದರಲ್ಲೂ ಮುಟ್ಟಿದರೆ ನೋಯುವ ಗಂಟು
* ಚಿಕಿತ್ಸೆಗೆ ಬಗ್ಗದ, ಗಟ್ಟಿಯಾಗುತ್ತಿರುವ ನರುಲಿ
* ತುಟಿಯ ಮೇಲೆ ಒರಟಾದ ಬಿಳಿ ಅಥವಾ ಕೆಂಪು ಕಲೆ
* ಉಗುರಿನಲ್ಲಿ ಉದ್ದಕ್ಕೂ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ
* ಕಾಲಿನ ಮೇಲೆ ನೇರಳೆ ಬಣ್ಣದ ಮಚ್ಚೆ ಅಥವಾ ಗಂಟು
* ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಊದಿಕೊಂಡ ಗ್ರಂಥಿ

ಮಚ್ಚೆಗಳ ವಿಷಯದಲ್ಲಿ ಐದು ಅಂಶಗಳನ್ನು ಗಮನಿಸಬೇಕು: ಆಕಾರದ ಎರಡು ಬದಿಗಳು ಒಂದಕ್ಕೊಂದು ಹೊಂದದಿರುವುದು, ಅಂಚು ಅಂಕುಡೊಂಕಾಗಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿರುವುದು, ಅಗಲ 6 ಮಿಲಿಮೀಟರ್ ಮೀರಿರುವುದು ಮತ್ತು ದಿನದಿಂದ ದಿನಕ್ಕೆ ಬದಲಾಗುತ್ತಿರುವುದು. ಇವುಗಳಲ್ಲಿ ಕೊನೆಯದಾದ ಬದಲಾವಣೆಯೇ ಬಹುಮುಖ್ಯ ಸೂಚನೆ. ನೋವಿಲ್ಲ ಎಂಬುದು ಅಪಾಯವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಚರ್ಮದ ಸ್ವಯಂ ಪರೀಕ್ಷೆ

ಕಸಿ ಪಡೆದವರು ತಿಂಗಳಿಗೊಮ್ಮೆ ತಮ್ಮ ಚರ್ಮವನ್ನು ತಾವೇ ಪರೀಕ್ಷಿಸಿಕೊಳ್ಳುವಂತೆ ತಜ್ಞರು ಸಲಹೆ ನೀಡುತ್ತಾರೆ. ಇದಕ್ಕೆ ಬೇಕಾದದ್ದು ಒಳ್ಳೆಯ ಬೆಳಕು, ಒಂದು ನಿಲುಗನ್ನಡಿ ಮತ್ತು ಒಂದು ಕೈಗನ್ನಡಿ ಮಾತ್ರ. ನೆತ್ತಿಯಿಂದ ಆರಂಭಿಸಿ ಮುಖ, ಕಿವಿಗಳ ಹಿಂಬದಿ, ತುಟಿ, ಬಾಯಿಯ ಒಳಭಾಗ, ಕುತ್ತಿಗೆ, ಎದೆ, ಕೈಗಳು, ಬೆರಳ ಸಂದಿ, ಉಗುರು, ಹೊಟ್ಟೆ, ಜನನಾಂಗದ ಸುತ್ತ, ತೊಡೆ, ಮೀನಖಂಡ, ಅಂಗಾಲಿನವರೆಗೆ ಕ್ರಮವಾಗಿ ನೋಡಬೇಕು. ಬೆನ್ನು ಮತ್ತು ನೆತ್ತಿಯನ್ನು ಮನೆಯವರೊಬ್ಬರು ನೋಡಿದರೆ ಅನುಕೂಲ. ಅನುಮಾನ ಬಂದ ಜಾಗದ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದಿನ ತಿಂಗಳು ಹೋಲಿಸಿ ನೋಡಬಹುದು. ಆದರೆ ಗಂಟು ಬೇಗ ಬೆಳೆಯುತ್ತಿದ್ದರೆ ಮುಂದಿನ ತಿಂಗಳವರೆಗೆ ಕಾಯಬಾರದು.

ಸ್ವಯಂ ಪರೀಕ್ಷೆಯು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಅಮೆರಿಕದ ತಜ್ಞರು 2019ರಲ್ಲಿ ಪ್ರಕಟಿಸಿದ ಒಮ್ಮತದ ಶಿಫಾರಸಿನಂತೆ, ಬಿಳಿಯ ಚರ್ಮದವರು ಕಸಿಯಾದ 2 ವರ್ಷಗಳೊಳಗೆ, ಏಷ್ಯದ ಮೂಲದವರು 5 ವರ್ಷಗಳೊಳಗೆ ಚರ್ಮರೋಗ ತಜ್ಞರಿಂದ ಪೂರ್ಣ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆನಂತರದ ಪರೀಕ್ಷೆಗಳ ಅಂತರವು ಅಪಾಯವನ್ನು ಅವಲಂಬಿಸಿರುತ್ತದೆ. ಒಮ್ಮೆ ಕ್ಯಾನ್ಸರ್ ಬಂದವರಿಗೆ ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಬೇಕಾಗುತ್ತದೆ.

ತಡೆಗಟ್ಟುವಿಕೆ

ಬಿಸಿಲಿನಿಂದ ರಕ್ಷಣೆ: ಕರ್ನಾಟಕದಂತಹ ಉಷ್ಣವಲಯದ ಪ್ರದೇಶದಲ್ಲಿ ನೇರಳಾತೀತ ಕಿರಣಗಳ ತೀವ್ರತೆ ಬೇಸಿಗೆಗೆ ಮಾತ್ರ ಸೀಮಿತವಲ್ಲ. ತೆಳುಮೋಡಗಳಿದ್ದಾಗಲೂ ಅವು ನೆಲಕ್ಕೆ ತಲುಪುತ್ತವೆ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಿನಲ್ಲಿ ಇರುವುದನ್ನು ಆದಷ್ಟು ತಪ್ಪಿಸಬೇಕು. ತುಂಬುತೋಳಿನ ಒತ್ತುನೇಯ್ಗೆಯ ಬಟ್ಟೆ, ಅಗಲ ಅಂಚಿನ ಟೋಪಿ, ಕೊಡೆ ಮತ್ತು ತಂಪುಕನ್ನಡಕ ಉಪಯುಕ್ತ. ತಲೆಗೆ ಸುತ್ತಿದ ಟವೆಲ್ ನೆತ್ತಿಯನ್ನು ಕಾಯುತ್ತದೆ, ಆದರೆ ಕಿವಿ ಮತ್ತು ಕತ್ತಿನ ಹಿಂಭಾಗ ಮುಚ್ಚಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಸೀರೆ ಉಡುವವರಲ್ಲಿ ಬೆನ್ನಿನ ಮೇಲ್ಭಾಗ ಮತ್ತು ಸೊಂಟ, ದ್ವಿಚಕ್ರ ವಾಹನ ಓಡಿಸುವವರಲ್ಲಿ ಮುಂಗೈಗಳು ಬಿಸಿಲಿಗೆ ಹೆಚ್ಚು ತೆರೆದಿರುತ್ತವೆ.

ಸನ್‌ಸ್ಕ್ರೀನ್: ಬಟ್ಟೆ ಮುಚ್ಚದ ಭಾಗಗಳಿಗೆ 30 ಅಥವಾ ಅದಕ್ಕೂ ಹೆಚ್ಚಿನ ಎಸ್‌ಪಿಎಫ್ ಇರುವ, ನೇರಳಾತೀತ-ಎ ಮತ್ತು -ಬಿ ಎರಡನ್ನೂ ತಡೆಯುವ ಲೇಪವನ್ನು ದಿನನಿತ್ಯ ಧಾರಾಳವಾಗಿ ಹಚ್ಚಬೇಕು. ಹೊರಗಿರುವಾಗ ಎರಡು ಗಂಟೆಗೊಮ್ಮೆ, ಬೆವರಿದಾಗ ಅಥವಾ ನೀರಿನಲ್ಲಿ ನೆನೆದಾಗ ಮತ್ತೆ ಹಚ್ಚಬೇಕು. ಜರ್ಮನಿಯಲ್ಲಿ ಅಂಗ ಕಸಿ ಪಡೆದ 120 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವು ಇದರ ಪ್ರಯೋಜನವನ್ನು ತೋರಿಸಿತು. ಎರಡು ವರ್ಷ ಸನ್‌ಸ್ಕ್ರೀನನ್ನು ನಿಯಮಿತವಾಗಿ ಬಳಸಿದ 60 ಮಂದಿಯಲ್ಲಿ ಆಳಕ್ಕಿಳಿದ ಸ್ಕ್ವಾಮಸ್ ಕ್ಯಾನ್ಸರ್ ಒಂದೂ ಹುಟ್ಟಲಿಲ್ಲ. ಉಳಿದ 60 ಮಂದಿಯಲ್ಲಿ 8 ಹುಟ್ಟಿದವು. ಲೇಪದ ಬೆಲೆ ಎಲ್ಲರಿಗೂ ಎಟಕುವಂಥದಲ್ಲ. ಅಂಥವರು ಬಟ್ಟೆ, ಕೊಡೆ ಮತ್ತು ನೆರಳನ್ನೇ ಮುಖ್ಯ ಆಸರೆಯಾಗಿ ಬಳಸಬಹುದು. ಅವು ಲೇಪಕ್ಕಿಂತ ಕೀಳಾದ ಉಪಾಯಗಳಲ್ಲ.

ವಿಟಮಿನ್ ಡಿ: ಬಿಸಿಲನ್ನು ದೂರವಿಟ್ಟಾಗ ದೇಹದಲ್ಲಿ ವಿಟಮಿನ್ ಡಿ ಕಡಿಮೆಯಾಗಬಹುದು. ರಕ್ತಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ವೈದ್ಯರ ಸಲಹೆಯಂತೆ ಮಾತ್ರೆಯ ರೂಪದಲ್ಲಿ ಪಡೆಯಬೇಕು.

ನಿಕೊಟಿನಮೈಡ್: ವಿಟಮಿನ್ ಬಿ-3ರ ಒಂದು ರೂಪವಾದ ಇದು ಸಾಮಾನ್ಯ ಜನರಲ್ಲಿ ಹೊಸ ಚರ್ಮದ ಕ್ಯಾನ್ಸರ್‌ಗಳನ್ನು ಕಡಿಮೆ ಮಾಡಿತೆಂದು ಆಸ್ಟ್ರೇಲಿಯದ ಪ್ರಯೋಗವೊಂದು 2015ರಲ್ಲಿ ವರದಿ ಮಾಡಿತ್ತು. ಆದರೆ ಅಂಗ ಕಸಿ ಪಡೆದವರಲ್ಲೇ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂತಹ ಪ್ರಯೋಜನ ಕಂಡುಬರಲಿಲ್ಲ. ಒಂದು ಗುಂಪಿನಲ್ಲಿ ಫಲಿಸಿದ ಉಪಾಯ ಇನ್ನೊಂದು ಗುಂಪಿನಲ್ಲಿ ಫಲಿಸಲೇಬೇಕೆಂದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಕಸಿಗೆ ಮೊದಲು: ಸಾಧ್ಯವಾದರೆ ಕಸಿಗೆ ಮೊದಲೇ ಪೂರ್ಣ ಚರ್ಮ ಪರೀಕ್ಷೆ ಮಾಡಿಸಿ, ಶಂಕಿತ ಗಂಟುಗಳಿಗೂ ನರುಲಿಗಳಿಗೂ ಚಿಕಿತ್ಸೆ ಪಡೆಯುವುದು ಒಳಿತು. ಹಿಂದೆ ಕ್ಯಾನ್ಸರ್ ಬಂದಿದ್ದರೆ ಅದನ್ನು ಮುಚ್ಚಿಡಬಾರದು. ದಾನಿಗಳ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ. ಮೆಲನೋಮಕ್ಕೆ 16 ವರ್ಷಗಳ ಹಿಂದೆ ಚಿಕಿತ್ಸೆ ಪಡೆದು ಗುಣವಾದಂತಿದ್ದ ದಾನಿಯೊಬ್ಬರ ಮೂತ್ರಪಿಂಡಗಳ ಮೂಲಕ ರೋಗವು ಕಸಿ ಪಡೆದವರಿಗೆ ದಾಟಿದ ಪ್ರಕರಣ 2003ರಲ್ಲಿ ಬ್ರಿಟನ್ನಿನಿಂದ ವರದಿಯಾಗಿದೆ.

ರೋಗನಿರ್ಣಯ

ಚರ್ಮರೋಗ ತಜ್ಞರು ಡರ್ಮಟೋಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಉಪಕರಣದಿಂದ ಗಂಟನ್ನು ಪರೀಕ್ಷಿಸುತ್ತಾರೆ. ಅನುಮಾನವಿದ್ದರೆ ಆ ಜಾಗವನ್ನು ಮರಗಟ್ಟಿಸಿ ಸಣ್ಣ ತುಣುಕನ್ನು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಜನರಲ್ಲಿ ವ್ಯಾಪಕವಾಗಿದೆ. ಈ ಭಯದಿಂದ ಪರೀಕ್ಷೆಯನ್ನು ಮುಂದೂಡುವುದೇ ನಿಜವಾದ ಹಾನಿಗೆ ಕಾರಣವಾಗುತ್ತದೆ. ಕಸಿ ಪಡೆದವರಲ್ಲಿ ನರುಲಿ, ಶಿಲೀಂಧ್ರ ಸೋಂಕು ಮತ್ತು ಕ್ಯಾನ್ಸರ್ ನೋಡಲು ಒಂದೇ ಬಗೆಯಾಗಿ ತೋರಬಹುದಾದ್ದರಿಂದ ಬಯಾಪ್ಸಿಯ ಅಗತ್ಯ ಇತರರಿಗಿಂತ ಹೆಚ್ಚು.

ಚಿಕಿತ್ಸೆ

ಶಸ್ತ್ರಚಿಕಿತ್ಸೆ: ಗೆಡ್ಡೆಯನ್ನು ಸುತ್ತಲಿನ ಸ್ವಲ್ಪ ಆರೋಗ್ಯವಂತ ಚರ್ಮದೊಂದಿಗೆ ಕತ್ತರಿಸಿ ತೆಗೆಯುವುದು ಮುಖ್ಯ ಚಿಕಿತ್ಸೆ. ಮುಖ, ಕಿವಿ, ಮೂಗು, ರೆಪ್ಪೆಗಳಂತಹ ಸೂಕ್ಷ್ಮ ಜಾಗಗಳಲ್ಲಿ ಮೋಸ್ ವಿಧಾನ ಉಪಯುಕ್ತ. ಇದರಲ್ಲಿ ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಉಳಿದಿಲ್ಲವೆಂದು ಖಚಿತವಾದ ಮೇಲೆ ಗಾಯವನ್ನು ಮುಚ್ಚುತ್ತಾರೆ.

ಕ್ಯಾನ್ಸರ್ ಪೂರ್ವ ಕಲೆಗಳು: ಬಿಸಿಲಿಗೆ ಒಡ್ಡಿದ ಜಾಗದಲ್ಲಿ ಮೂಡುವ ಒರಟು ಕಲೆಗಳನ್ನು ಆಕ್ಟಿನಿಕ್ ಕೆರಟೋಸಿಸ್ ಎನ್ನುತ್ತಾರೆ. ಇವುಗಳಲ್ಲಿ ಕೆಲವು ಮುಂದೆ ಸ್ಕ್ವಾಮಸ್ ಕ್ಯಾನ್ಸರ್ ಆಗಬಹುದು. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, 5-ಫ್ಲೋರೋಯುರಾಸಿಲ್ ಮುಲಾಮು, ಬೆಳಕಿನ ಚಿಕಿತ್ಸೆ ಮೊದಲಾದವುಗಳಿಂದ ಇವನ್ನು ನಿವಾರಿಸುತ್ತಾರೆ.

ಅಸಿಟ್ರೆಟಿನ್: ಮೇಲಿಂದ ಮೇಲೆ ಹೊಸ ಗೆಡ್ಡೆಗಳು ಹುಟ್ಟುವವರಿಗೆ ಈ ಮಾತ್ರೆಯನ್ನು ನೀಡುವುದುಂಟು. ನಿಲ್ಲಿಸಿದ ಮೇಲೆ ಗೆಡ್ಡೆಗಳು ಮರಳಬಹುದು. ಗರ್ಭದಲ್ಲಿರುವ ಶಿಶುವಿಗೆ ತೀವ್ರ ಹಾನಿ ಮಾಡುವುದರಿಂದ ಗರ್ಭಧಾರಣೆಯ ಸಾಧ್ಯತೆಯಿರುವ ಮಹಿಳೆಯರಿಗೆ ಇದು ಸಲ್ಲದು.

ಮುಂದುವರಿದ ರೋಗ: ಹರಡಿದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಮತ್ತು ಔಷಧಗಳನ್ನು ಬಳಸುತ್ತಾರೆ. ಇತ್ತೀಚಿನ ಇಮ್ಯುನೋಥೆರಪಿ ಔಷಧಗಳು ರೋಗನಿರೋಧಕ ಕೋಶಗಳನ್ನು ಕ್ಯಾನ್ಸರ್ ವಿರುದ್ಧ ಹುರಿದುಂಬಿಸುತ್ತವೆ. ಆದರೆ ಹೀಗೆ ಎಚ್ಚೆತ್ತ ಕೋಶಗಳು ಕಸಿಯಾದ ಅಂಗದ ಮೇಲೂ ತಿರುಗಿಬೀಳಬಹುದು. ಮೂತ್ರಪಿಂಡ ಹೋದರೆ ಡಯಾಲಿಸಿಸ್ ಆಸರೆಯಿದೆ. ಹೃದಯ ಅಥವಾ ಯಕೃತ್ತು ಹೋದರೆ ಅಂತಹ ಆಸರೆಯಿಲ್ಲ. ಆದುದರಿಂದ ಈ ನಿರ್ಧಾರವನ್ನು ರೋಗಿ, ಕುಟುಂಬ ಮತ್ತು ಎರಡೂ ಕ್ಷೇತ್ರಗಳ ತಜ್ಞರು ಒಟ್ಟಾಗಿ ಕೈಗೊಳ್ಳಬೇಕಾಗುತ್ತದೆ.

ಕಸಿ ಔಷಧಗಳ ಮರುಹೊಂದಾಣಿಕೆ

ಪದೇ ಪದೇ ಅಥವಾ ತೀವ್ರವಾದ ಚರ್ಮದ ಕ್ಯಾನ್ಸರ್ ಬಂದಾಗ ಕಸಿ ತಜ್ಞರು ಔಷಧಗಳ ಪ್ರಮಾಣವನ್ನು ತಗ್ಗಿಸುವ ಅಥವಾ ಬದಲಿಸುವ ಬಗ್ಗೆ ಆಲೋಚಿಸುತ್ತಾರೆ. ಸಿರೋಲಿಮಸ್ ಕೋಶಗಳ ಬೆಳವಣಿಗೆಯನ್ನೂ ತಡೆಯುವುದರಿಂದ ಈ ಸಂದರ್ಭದಲ್ಲಿ ಅದಕ್ಕೆ ವಿಶೇಷ ಸ್ಥಾನವಿದೆ. ಕನಿಷ್ಠ ಒಂದು ಸ್ಕ್ವಾಮಸ್ ಕ್ಯಾನ್ಸರ್ ಬಂದಿದ್ದ 120 ಮೂತ್ರಪಿಂಡ ಕಸಿ ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಹಳೆಯ ಔಷಧದಲ್ಲೇ ಮುಂದುವರಿದವರ ಪೈಕಿ 39% ಮಂದಿಗೆ ಹೊಸ ಸ್ಕ್ವಾಮಸ್ ಕ್ಯಾನ್ಸರ್ ಬಂದರೆ, ಸಿರೋಲಿಮಸ್‌ಗೆ ಬದಲಾದವರಲ್ಲಿ 22% ಮಂದಿಗೆ ಬಂತು. ಕಪೋಸಿ ಸಾರ್ಕೋಮವಂತೂ ಈ ಬದಲಾವಣೆಯಿಂದಲೇ ಕರಗಿದ ಉದಾಹರಣೆಗಳಿವೆ. ಆದರೆ ಸಿರೋಲಿಮಸ್‌ಗೂ ಬಾಯಿಹುಣ್ಣು, ಕಾಲೂತ, ಗಾಯ ನಿಧಾನವಾಗಿ ಮಾಯುವುದು ಮೊದಲಾದ ಅಡ್ಡಪರಿಣಾಮಗಳಿದ್ದು, ಎಲ್ಲರಿಗೂ ಅದು ಒಗ್ಗುವುದಿಲ್ಲ.

ಕ್ಯಾನ್ಸರ್‌ನ ಭಯದಿಂದ ರೋಗಿಯು ತಾನಾಗಿಯೇ ಮಾತ್ರೆ ನಿಲ್ಲಿಸುವುದು ಅಥವಾ ಕಡಿಮೆ ಮಾಡುವುದು ಅತ್ಯಂತ ಅಪಾಯಕರ. ಇದರಿಂದ ಅಂಗವು ತಿರಸ್ಕೃತವಾಗಬಹುದು. ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತವೆಂದು ಪ್ರಚಾರ ಪಡೆದ ಕಷಾಯ, ಚೂರ್ಣಗಳನ್ನೂ ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಕೆಲವು ಗಿಡಮೂಲಿಕೆಗಳು ಕಸಿ ಔಷಧಗಳ ಮಟ್ಟವನ್ನು ರಕ್ತದಲ್ಲಿ ಏರುಪೇರು ಮಾಡುತ್ತವೆ.

ದೀರ್ಘಕಾಲದ ಆರೈಕೆ

ಕಸಿಯಾದ ಮೊದಲ ತಿಂಗಳುಗಳಲ್ಲಿ ರೋಗಿ ಮತ್ತು ಕುಟುಂಬದ ಗಮನವೆಲ್ಲ ಹೊಸ ಅಂಗದ ಮೇಲೆ ಇರುತ್ತದೆ. ಕ್ರಿಯಾಟಿನಿನ್ ಎಷ್ಟಿದೆ, ಸೋಂಕು ತಗುಲಿದೆಯೇ ಎಂಬ ಪ್ರಶ್ನೆಗಳ ನಡುವೆ ಚರ್ಮದ ವಿಷಯ ಹಿಂದೆ ಸರಿಯುವುದು ಸಹಜ. ಅಪಾಯ ತಲೆದೋರುವ ಹೊತ್ತಿಗೆ ವರ್ಷಗಳು ಕಳೆದು, ಕೇಳಿದ್ದ ಎಚ್ಚರಿಕೆ ಮರೆತಿರುತ್ತದೆ. ಹಾಗಾಗಿ ಪ್ರತಿ ಭೇಟಿಯಲ್ಲಿಯೂ ಚರ್ಮದ ಬಗ್ಗೆ ವಿಚಾರಿಸುವುದು ಕಸಿ ತಂಡದ, ಕಂಡ ಬದಲಾವಣೆಯನ್ನು ಸಂಕೋಚವಿಲ್ಲದೆ ತೋರಿಸುವುದು ರೋಗಿಯ ಹೊಣೆ. ಹತ್ತಿರದಲ್ಲಿ ಚರ್ಮರೋಗ ತಜ್ಞರಿಲ್ಲದಿದ್ದರೆ ತಪಾಸಣೆಗೆ ಹೋದಾಗ ಕಸಿ ವೈದ್ಯರಿಗೇ ಆ ಜಾಗವನ್ನು ತೋರಿಸಬಹುದು. ಬೇರೆ ಯಾವುದೇ ವೈದ್ಯರನ್ನು ಕಂಡಾಗಲೂ ತಾನು ಕಸಿ ಪಡೆದವನೆಂಬುದನ್ನೂ ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನೂ ಮೊದಲೇ ತಿಳಿಸಬೇಕು. ಸಾಮಾನ್ಯ ಹುಣ್ಣೆಂದು ಮುಲಾಮು ಕೊಟ್ಟು ಕಳುಹಿಸಬಹುದಾದ ಗಾಯವನ್ನು ಬಯಾಪ್ಸಿಗೆ ಕಳುಹಿಸಲು ಈ ಒಂದು ಮಾಹಿತಿ ಸಾಕಾಗುತ್ತದೆ.